ಕೊಂಡಿಯ ಲೆಕ್ಕ

ಡಿಎನ್‌ಎ ನಿಜಕ್ಕೂ ಜೋಡಿ ಸುರುಳಿಯೇ ಎಂದು ಬೆಂಗಳೂರು ಒಮ್ಮೆ ಕೇಳಿತ್ತು. ಉತ್ತರ ಕೊಟ್ಟದ್ದು ಒಂದರೊಳಗೊಂದು ಸಿಕ್ಕಿಕೊಂಡ ಅಣುಗಾತ್ರದ ಉಂಗುರಗಳು. ಅಂಥ ಉಂಗುರಗಳಿಂದಲೇ ಈಗ ಹೊಸ ಬಗೆಯ ವಸ್ತುಗಳು ತಯಾರಾಗುತ್ತಿವೆ.

1976ನೇ ಇಸವಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಓಹಾಯೊದಲ್ಲಿ ಪರಮಾಣು ಭೌತವಿಜ್ಞಾನ ಓದಿ ಡಾಕ್ಟರೇಟ್ ಪಡೆದು ಬಂದಿದ್ದ, ಖಾದಿಯುಟ್ಟ ಈ ಮೇಷ್ಟ್ರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಹೇಳುತ್ತಲೇ ಬಂದವರು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಆ ದಶಕದಲ್ಲಿ ಮೈಸೂರು ರಸ್ತೆ ಬದಿಯ ಜ್ಞಾನಭಾರತಿಯಲ್ಲಿ ಬೇರೂರುತ್ತಿತ್ತು. ಸಮಿತಿ ಎಬ್ಬಿಸಿದ ಪರ–ವಿರೋಧದ ಗದ್ದಲ ಊರು ದಾಟಿ ದೇಶಕ್ಕೆಲ್ಲ ಹಬ್ಬಿತು.

ಅದೇ ವರ್ಷ, ಅದೇ ಊರಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಅದರ ಸದ್ದು ಪ್ರಯೋಗಾಲಯಗಳ ಆಚೆ ಹೆಚ್ಚು ಕೇಳಲಿಲ್ಲ. ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಪಟ್ಟಾಭಿರಾಮನ್, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಡಿಎನ್‌ಎಯ ಎರಡು ಎಳೆಗಳು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಹೇಳಿದಂತೆ ಒಂದನ್ನೊಂದು ಸುತ್ತಿಕೊಂಡೇ ಇರಬೇಕೆಂದಿಲ್ಲ ಎಂಬುದು ಅವರ ವಾದ. ಸ್ವಲ್ಪ ದೂರ ಬಲಕ್ಕೆ ತಿರುಚಿ, ಮತ್ತೆ ಅಷ್ಟೇ ದೂರ ಎಡಕ್ಕೆ ತಿರುಚಿದರೆ ಒಂದು ತಿರುಚು ಇನ್ನೊಂದನ್ನು ಅಳಿಸುತ್ತದೆ. ಎಳೆಗಳು ಸುತ್ತಿಕೊಳ್ಳದೆ ಅಕ್ಕಪಕ್ಕದಲ್ಲಿ ಸಾಗುತ್ತವೆ. ಅದೇ ವರ್ಷ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ರಾಡ್ಲಿ ಮತ್ತು ಸಂಗಡಿಗರು ಇಂಥದ್ದೇ ಮಾದರಿಯನ್ನು ಸ್ವತಂತ್ರವಾಗಿ ಮುಂದಿಟ್ಟರು.

ಇದು ಹವ್ಯಾಸಿಗಳ ಹುಚ್ಚು ಊಹೆಯಲ್ಲ. ಪ್ರೋಟೀನ್ ಸರಪಳಿ ಹೇಗೆಲ್ಲ ಮಡಚಿಕೊಳ್ಳಬಹುದು, ಹೇಗೆ ಮಡಚಿಕೊಳ್ಳಲಾರದು ಎಂದು ತೋರಿಸುವ 1963ರ ಪ್ರಸಿದ್ಧ ನಕ್ಷೆಯನ್ನು ಜಿ.ಎನ್. ರಾಮಚಂದ್ರನ್ ಮತ್ತು ಸಿ. ರಾಮಕೃಷ್ಣನ್ ಜತೆ ಮದ್ರಾಸಿನಲ್ಲಿ ರೂಪಿಸಿದವರೇ ಶಶಿಶೇಖರನ್. ಅಣುವಿನ ಆಕಾರದ ವಿಷಯದಲ್ಲಿ ಅವರ ಮಾತಿಗೆ ತೂಕವಿತ್ತು. ಡಿಎನ್‌ಎ ನಾರುಗಳ ಎಕ್ಸ್-ರೇ ಚಿತ್ರಗಳಲ್ಲಿ ಪರಮಾಣುಗಳು ಒಂದೊಂದಾಗಿ ಕಾಣುವುದಿಲ್ಲ, ಸರಾಸರಿಯ ಸುಳಿವು ಮಾತ್ರ ಸಿಗುತ್ತದೆ. ಆ ಸುಳಿವಿಗೆ ಒಂದಕ್ಕಿಂತ ಹೆಚ್ಚು ಮಾದರಿಗಳು ಹೊಂದಬಹುದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೇಲಾಗಿ, ಎಳೆಗಳು ಲಕ್ಷಾಂತರ ಬಾರಿ ಸುತ್ತಿಕೊಂಡಿದ್ದರೆ ಜೀವಕೋಶ ಎರಡಾಗುವ ಹೊತ್ತಿಗೆ ಅವನ್ನು ಬಿಡಿಸುವುದು ಹೇಗೆ ಎಂಬ ಕಷ್ಟವನ್ನು ಮ್ಯಾಕ್ಸ್ ಡೆಲ್‌ಬ್ರುಕ್ 1954ರಲ್ಲೇ ಎತ್ತಿದ್ದರು. ಎಳೆಗಳು ಅಕ್ಕಪಕ್ಕದಲ್ಲಿದ್ದರೆ ಆ ಕಷ್ಟವೇ ಇಲ್ಲ.

ಈ ಜಗಳವನ್ನು ಬಗೆಹರಿಸಿದ್ದು ಇನ್ನೂ ಸ್ಪಷ್ಟವಾದ ಚಿತ್ರವಲ್ಲ, ಒಂದು ಎಣಿಕೆ. ಆ ಎಣಿಕೆ ಸಾಧ್ಯವಾದದ್ದು ಕೆಲವು ಡಿಎನ್‌ಎಗಳಿಗೆ ತುದಿಯೇ ಇಲ್ಲದ್ದರಿಂದ.

ಕತ್ತರಿಸದೆ ಬದಲಾಗದ ಸಂಖ್ಯೆ

ಹಲವು ವೈರಸ್‌ಗಳಲ್ಲಿ, ಬ್ಯಾಕ್ಟೀರಿಯಾಗಳಲ್ಲಿ ಡಿಎನ್‌ಎ ಉಂಗುರದಂತೆ ಮುಚ್ಚಿಕೊಂಡಿರುತ್ತದೆ. ಅಂದರೆ ಎರಡು ಎಳೆಗಳಲ್ಲಿ ಪ್ರತಿಯೊಂದೂ ತುದಿಯಿಲ್ಲದ ಉಂಗುರ. ತುದಿಗಳಿರುವ ಡಿಎನ್‌ಎಯಲ್ಲಿ ಎಳೆಗಳು ಎಷ್ಟು ಸುತ್ತು ಸುತ್ತಿಕೊಂಡಿವೆ ಎಂಬುದು ಜಾರುವ ಪ್ರಶ್ನೆ. ತುದಿಗಳು ತಿರುಗಬಲ್ಲವು, ಸುತ್ತು ಬಿಚ್ಚಬಲ್ಲದು. ಉಂಗುರದಲ್ಲಿ ಆ ಸ್ವಾತಂತ್ರ್ಯವಿಲ್ಲ. ಒಂದು ಎಳೆ ಇನ್ನೊಂದನ್ನು 500 ಬಾರಿ ಹಾದುಹೋಗಿ ಮುಚ್ಚಿಕೊಂಡಿದ್ದರೆ, ನೀವು ಅದನ್ನು ಎಳೆಯಿರಿ, ಮಡಚಿರಿ, ಬಿಸಿ ಮಾಡಿರಿ, ಆ 500 ಎಂಬುದು 500 ಆಗಿಯೇ ಉಳಿಯುತ್ತದೆ. ಬದಲಾಯಿಸಬೇಕಾದರೆ ಕತ್ತರಿಸಲೇಬೇಕು. ಗಣಿತಜ್ಞರು ಇದನ್ನು ಲಿಂಕಿಂಗ್ ನಂಬರ್ ಎನ್ನುತ್ತಾರೆ, ನಾವು ಕೊಂಡಿ ಸಂಖ್ಯೆ ಎನ್ನೋಣ. ಅದು ಯಾವಾಗಲೂ ಪೂರ್ಣಾಂಕ. ಮುಕ್ಕಾಲು ಕೊಂಡಿ, ಅರ್ಧ ಕೊಂಡಿ ಎಂಬುದಿಲ್ಲ.

ಹಾಗಾಗಿ ಬೆಂಗಳೂರಿನ ಪ್ರಶ್ನೆಯನ್ನು ಬೇರೆ ಥರ ಕೇಳಲು ಬಂತು. ಎಳೆಗಳು ಅಕ್ಕಪಕ್ಕದಲ್ಲಿದ್ದರೆ ಕೊಂಡಿ ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲಿರಬೇಕು, ಎರಡು ಉಂಗುರಗಳು ಸುಲಭವಾಗಿ ಕಳಚಿಕೊಳ್ಳಬೇಕು. ಎಸ್‌ವಿ40 ಎಂಬ ವೈರಸ್ಸಿನ ಉಂಗುರದಲ್ಲಿ 5,243 ಅಕ್ಷರಜೋಡಿಗಳು (ಬೇಸ್ ಜೋಡಿಗಳು) ಇವೆ. ವಾಟ್ಸನ್–ಕ್ರಿಕ್ ಸುರುಳಿಯೇ ನಿಜವಾದರೆ ಅದರ ಕೊಂಡಿ ಸಂಖ್ಯೆ ಸುಮಾರು 500. ಸೊನ್ನೆಗೂ ಐನೂರಕ್ಕೂ ನಡುವೆ ರಾಜಿ ಸಾಧ್ಯವಿಲ್ಲ.

ಎಣಿಸುವುದು ಹೇಗೆ? ಜ್ಞಾನಭಾರತಿಯೂ ಸೇರಿದಂತೆ ಯಾವ ಕ್ಯಾಂಪಸ್ಸಿನ ಎಂಎಸ್ಸಿ ಬಯೋಟೆಕ್ನಾಲಜಿ ಲ್ಯಾಬಿನಲ್ಲಾದರೂ ವಿದ್ಯಾರ್ಥಿಗಳು ಮಾಡುವ ಪ್ರಯೋಗದಲ್ಲೇ ಇದರ ಗುಟ್ಟು ಇದೆ. ಸಮುದ್ರಪಾಚಿಯಿಂದ ತೆಗೆದ ಅಗರೋಸ್ ಪುಡಿಯನ್ನು ಬಫರಿನಲ್ಲಿ ಕಾಯಿಸಿ, ತಟ್ಟೆಗೆ ಸುರಿದು, ಬಾಚಣಿಗೆ ಇಟ್ಟು ಗುಳಿಗಳನ್ನು ಮೂಡಿಸುತ್ತಾರೆ. ಜೆಲ್ ಗಟ್ಟಿಯಾದ ಮೇಲೆ ಇ. ಕೊಲೈ ಬ್ಯಾಕ್ಟೀರಿಯಾದಿಂದ ತೆಗೆದ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳನ್ನು ನೀಲಿ ಬಣ್ಣದೊಂದಿಗೆ ಬೆರೆಸಿ ಪಿಪೆಟ್ಟಿನಿಂದ ಗುಳಿಗೆ ಇಳಿಸುತ್ತಾರೆ. ಕರೆಂಟು ಹಾಯಿಸಿದರೆ ಋಣ ವಿದ್ಯುದಂಶದ ಡಿಎನ್‌ಎ ಧನ ತುದಿಯತ್ತ ಜೆಲ್ಲಿನ ರಂಧ್ರಗಳಲ್ಲಿ ನುಸುಳುತ್ತ ಹೋಗುತ್ತದೆ. ಎಥಿಡಿಯಂ ಬ್ರೋಮೈಡ್ ಹಾಕಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಪಟ್ಟಿಗಳು ಹೊಳೆಯುತ್ತವೆ. ಒಂದೇ ಪ್ಲಾಸ್ಮಿಡ್, ಒಂದೇ ತೂಕ, ಆದರೂ ಒಂದಕ್ಕಿಂತ ಹೆಚ್ಚು ಪಟ್ಟಿಗಳು. ಒಂದು ಎಳೆ ಕಡಿದು ಸಡಿಲವಾದ ಉಂಗುರ ಹಿಂದೆ ಬೀಳುತ್ತದೆ. ಸ್ವಾಭಾವಿಕ ಉಂಗುರದಲ್ಲಿ ಕೊಂಡಿಗಳು ಸ್ವಲ್ಪ ಕಡಿಮೆ ಇರುವುದರಿಂದ ಆ ಕೊರತೆಯನ್ನು ತುಂಬಿಕೊಳ್ಳಲು ಅದು ತನ್ನ ಮೇಲೆ ತಾನೇ ಹುರಿಗೊಳ್ಳುತ್ತದೆ. ಹುರಿಗೊಂಡಷ್ಟೂ ಬಿಗಿ, ಬಿಗಿಯಾದಷ್ಟೂ ಓಟ ಜೋರು.

1975ರಲ್ಲಿ ವಾಲ್ಟರ್ ಕೆಲರ್ ಈ ಉಪಾಯವನ್ನು ಇನ್ನಷ್ಟು ಚುರುಕುಗೊಳಿಸಿದರು. ಎಸ್‌ವಿ40 ಉಂಗುರಗಳನ್ನು ಹಂತಹಂತವಾಗಿ ಸಡಿಲಗೊಳಿಸಿ ಜೆಲ್ಲಿನಲ್ಲಿ ಓಡಿಸಿದಾಗ ಪಟ್ಟಿಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದು ನಿಂತವು. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಕೊಂಡಿ. ಅಣುವಿನ ಟೊಪಾಲಜಿಯನ್ನು, ಎಂದರೆ ಅದರ ಕೊಂಡಿಗಳನ್ನು, ಬೆರಳಿಟ್ಟು ಎಣಿಸಬಹುದಾಯಿತು. 1979ರಲ್ಲಿ ಜೇಮ್ಸ್ ವಾಂಗ್ ಬೇರೆಬೇರೆ ಉದ್ದದ ಪುಟ್ಟ ತುಣುಕುಗಳನ್ನು ಉಂಗುರಕ್ಕೆ ಸೇರಿಸಿ, ಏಣಿ ಎಷ್ಟು ಜರುಗುತ್ತದೆ ಎಂದು ಅಳೆದರು. ಸುಮಾರು 10.4 ಅಕ್ಷರಜೋಡಿ ಸೇರಿದಾಗಲೆಲ್ಲ ಒಂದು ಕೊಂಡಿಯ ಲೆಕ್ಕ ಕೂಡುತ್ತಿತ್ತು. ಎಳೆಗಳು ಅಕ್ಕಪಕ್ಕದಲ್ಲಿದ್ದರೆ ಏನೂ ಕೂಡಬಾರದಿತ್ತು.

ಅದೇ ವರ್ಷ ಫ್ರಾನ್ಸಿಸ್ ಕ್ರಿಕ್, ಜೇಮ್ಸ್ ವಾಂಗ್ ಮತ್ತು ವಿಲಿಯಂ ಬಾಯರ್ ಈ ಪುರಾವೆಗಳನ್ನೆಲ್ಲ ಒಟ್ಟಿಗಿಟ್ಟು ಬರೆದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಡಿಎನ್‌ಎ ನಿಜಕ್ಕೂ ಜೋಡಿ ಸುರುಳಿಯೇ? ಹೌದು ಎಂಬುದು ಅವರ ಉತ್ತರ. ನೊಬೆಲ್ ಪಡೆದು 17 ವರ್ಷವಾದ ಮೇಲೆ ಕ್ರಿಕ್ ತಮ್ಮದೇ ಸುರುಳಿಯನ್ನು ಕಟಕಟೆಗೆ ಹತ್ತಿಸಿದ್ದರಲ್ಲಿ ಬೆಂಗಳೂರು ಮತ್ತು ಕ್ರೈಸ್ಟ್‌ಚರ್ಚ್‌ಗಳ ಪಾಲಿದೆ. ಜ್ಯೂರಿಕ್‌ನ ಪ್ರಯೋಗವೊಂದು ಮಾತನ್ನು ಇನ್ನೂ ಖಚಿತಗೊಳಿಸಿತು. ಪರಸ್ಪರ ಹೊಂದುವ, ಆದರೆ ಮೊದಲೇ ಬೇರೆಬೇರೆಯಾಗಿ ಮುಚ್ಚಿಕೊಂಡ ಎರಡು ಒಂಟಿ ಎಳೆಯ ಉಂಗುರಗಳನ್ನು ಅಲ್ಲಿ ಬೆರೆಸಿದರು. ಕೊಂಡಿ ಸಂಖ್ಯೆ ಸೊನ್ನೆಯಾಗಿರುವ ಜೋಡಿ ಹುಟ್ಟಿತು. ಅದರ ನಡತೆ ಸ್ವಾಭಾವಿಕ ಡಿಎನ್‌ಎಯ ನಡತೆಗಿಂತ ಬೇರೆಯೇ ಆಗಿತ್ತು.

ಬೆಂಗಳೂರಿನ ಮಾದರಿ ಸೋತಿತು. ಆದರೆ ಎಡಕ್ಕೆ ತಿರುಚಿದ ಡಿಎನ್‌ಎ ಅಸಾಧ್ಯವೇನಲ್ಲ ಎಂಬ ಅದರ ಒಂದು ಮಾತು ಉಳಿಯಿತು. 1979ರ ಕೊನೆಯಲ್ಲಿ ಎಂಐಟಿಯ ಅಲೆಕ್ಸಾಂಡರ್ ರಿಚ್ ಅವರ ತಂಡ ಎಡಸುರುಳಿಯ ಝಡ್-ಡಿಎನ್‌ಎಯ ಸ್ಫಟಿಕರಚನೆಯನ್ನು ಪ್ರಕಟಿಸಿತು.

ಬಿಡಿಸುವ ಕಿಣ್ವ, ಕಟ್ಟಿಹಾಕುವ ಮಾತ್ರೆ

ಸುರುಳಿ ನಿಜವಾದ ಮೇಲೆ ಡೆಲ್‌ಬ್ರುಕ್ ಎತ್ತಿದ ಕಷ್ಟವೂ ನಿಜವೇ. ಇ. ಕೊಲೈಯ ಡಿಎನ್‌ಎ ಉಂಗುರದಲ್ಲಿ 46 ಲಕ್ಷ ಅಕ್ಷರಜೋಡಿಗಳು, ಎಂದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಕೊಂಡಿಗಳು. ಒಳ್ಳೆಯ ಆಹಾರ ಸಿಕ್ಕರೆ ಈ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಷ್ಟರಲ್ಲಿ ಎಲ್ಲವನ್ನೂ ಬಿಡಿಸಬೇಕು. ಕತ್ತರಿಸದೆ ಬದಲಾಗದ್ದನ್ನು ಬದಲಾಯಿಸಲು ಜೀವಕೋಶ ಕಂಡುಕೊಂಡ ದಾರಿಯೂ ಕತ್ತರಿಸುವುದೇ. ಟೊಪೊಐಸೊಮರೇಸ್ ಎಂಬ ಕಿಣ್ವಗಳು ಎಳೆಯನ್ನು ಕಡಿದು, ಕಡಿದ ತುದಿಯನ್ನು ಕೈಬಿಡದೆ ಹಿಡಿದುಕೊಂಡು, ಇನ್ನೊಂದು ಎಳೆಯನ್ನು ಆ ಸಂದಿಯಲ್ಲಿ ದಾಟಿಸಿ ಮತ್ತೆ ಬೆಸೆಯುತ್ತವೆ. ಇವುಗಳಲ್ಲಿ ಮೊದಲನೆಯದನ್ನು ವಾಂಗ್ 1971ರಲ್ಲಿ ವರದಿ ಮಾಡಿದರು. ಗೈರೇಸ್ ಎಂಬುದನ್ನು ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1976ರಲ್ಲೇ.

ನಕಲು ಮುಗಿದ ಮೇಲೂ ಹಳೆಯ ಉಂಗುರದಿಂದ ಹುಟ್ಟಿದ ಎರಡು ಮರಿ ಉಂಗುರಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಟೊಪೊಐಸೊಮರೇಸ್-4 ಅವನ್ನು ಕಳಚದಿದ್ದರೆ ಬ್ಯಾಕ್ಟೀರಿಯಾ ಎರಡಾಗಲಾರದೆ ಸಾಯುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಏಟು ಕೊಡುವುದು ಗೈರೇಸ್ ಮತ್ತು ಟೊಪೊಐಸೊಮರೇಸ್-4 ಕಿಣ್ವಗಳಿಗೇ. ಎಳೆ ಕಡಿದಾಗಿದೆ, ಬೆಸೆದಿಲ್ಲ ಎಂಬ ನಡುಹಂತದಲ್ಲಿ ಅವನ್ನು ಕಟ್ಟಿಹಾಕುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಕುಲದಲ್ಲಿ ಗೈರೇಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ವರ್ಷಗಟ್ಟಲೆ ಅಧ್ಯಯನ ಮಾಡಿದೆ.

ಅಕ್ಕಸಾಲಿಗನ ಕೆಲಸ, ಅಣುವಿನ ಅಳತೆಯಲ್ಲಿ

ಜೀವಕೋಶ ಕಳಚಲು ಹೆಣಗುವ ಈ ಕೊಂಡಿಯನ್ನು ಕೃತಕವಾಗಿ ಹಾಕಲು ರಸಾಯನವಿಜ್ಞಾನಿಗಳು ಅಷ್ಟೇ ಹೆಣಗಿದ್ದಾರೆ. ಅಕ್ಕಸಾಲಿಗ ಸರ ಮಾಡುವಾಗ ಮುಚ್ಚಿದ ಎರಡು ಉಂಗುರಗಳನ್ನು ಸೇರಿಸಲಾರ. ಒಂದನ್ನು ತೆರೆದು, ಇನ್ನೊಂದರೊಳಗೆ ತೂರಿಸಿ, ಆಮೇಲೆ ಬೆಸೆಯಬೇಕು. ಅಣುಗಳ ಮಟ್ಟದಲ್ಲಿ ತೂರಿಸಲು ಇಕ್ಕಳವಿಲ್ಲ, ತಾನಾಗಿ ತೂರಿಕೊಂಡರೆ ಅದೃಷ್ಟ. 1960ರಲ್ಲಿ ಬೆಲ್ ಲ್ಯಾಬ್ಸ್‌ನ ಎಡೆಲ್ ವಾಸರ್‌ಮನ್ ನಂಬಿದ್ದು ಆ ಅದೃಷ್ಟವನ್ನೇ. 34 ಇಂಗಾಲಗಳ ಉಂಗುರಗಳಿದ್ದ ದ್ರಾವಣದಲ್ಲಿ ಇನ್ನೊಂದು ಉದ್ದನೆಯ ಅಣುವಿನ ತುದಿಗಳನ್ನು ಬೆಸೆದರು. ಬೆಸೆಯುವ ಹೊತ್ತಿಗೆ ಕೆಲವೇ ಕೆಲವು ಅಣುಗಳು ಆಕಸ್ಮಿಕವಾಗಿ ಉಂಗುರದೊಳಗೆ ತೂರಿದ್ದವು. ಸಿಕ್ಕಿದ ಇಳುವರಿ ಅತ್ಯಲ್ಪ. ಆದರೂ ಅದು ಪ್ರಯೋಗಾಲಯದಲ್ಲಿ ತಯಾರಾದ ಮೊದಲ ಕ್ಯಾಟಿನೇನ್, ಎಂದರೆ ಉಂಗುರಗಳು ಒಂದರೊಳಗೊಂದು ಸಿಕ್ಕಿಕೊಂಡ ಅಣು. ಇಂಥ ಅಣು ನಿಸರ್ಗದಲ್ಲೂ ಇದೆ ಎಂಬುದು 1967ರಲ್ಲಿ ತಿಳಿಯಿತು. ಜೆರೋಮ್ ವಿನೋಗ್ರಾಡ್ ಮತ್ತು ಹಡ್ಸನ್ ಮನುಷ್ಯರ ಜೀವಕೋಶಗಳ ಮೈಟೊಕಾಂಡ್ರಿಯಾದಲ್ಲಿ ಕೊಂಡಿಬಿದ್ದ ಡಿಎನ್‌ಎ ಉಂಗುರಗಳನ್ನು ಕಂಡರು.

ಅದೃಷ್ಟದ ಆಟ ಮುಗಿದದ್ದು 1983ರಲ್ಲಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜಾನ್-ಪಿಯೆರ್ ಸೊವಾಜ್ ತಾಮ್ರದ ಅಯಾನನ್ನೇ ಇಕ್ಕಳ ಮಾಡಿಕೊಂಡರು. ತಾಮ್ರ ಉಂಗುರವನ್ನೂ ಅರ್ಧಚಂದ್ರದಂಥ ಇನ್ನೊಂದು ಅಣುವನ್ನೂ ಅಡ್ಡಡ್ಡ ಹಿಡಿದು ನಿಲ್ಲಿಸಿತು. ಅರ್ಧಚಂದ್ರವನ್ನು ಪೂರ್ತಿ ಮಾಡಿ, ತಾಮ್ರವನ್ನು ಹೊರತೆಗೆದರಾಯಿತು. ಇಳುವರಿ ಒಮ್ಮೆಗೇ ಶೇ 42ಕ್ಕೆ ಏರಿತು. 1994ರಲ್ಲಿ ಫ್ರೇಸರ್ ಸ್ಟಾಡರ್ಟ್ ಐದು ಉಂಗುರಗಳನ್ನು ಸಾಲಾಗಿ ಪೋಣಿಸಿ ಒಲಿಂಪಿಯಾಡೇನ್ ಎಂದು ಹೆಸರಿಟ್ಟರು. ಬೆರ್ನಾರ್ಡ್ ಫೆರಿಂಗಾ ಅವರೊಂದಿಗೆ ಸೊವಾಜ್, ಸ್ಟಾಡರ್ಟ್ ಇಬ್ಬರಿಗೂ 2016ರ ರಸಾಯನವಿಜ್ಞಾನ ನೊಬೆಲ್ ಬಂತು. ಶಿಕಾಗೊ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಸತುವನ್ನು ಬಳಸಿ, ಹಲವು ಉಂಗುರಗಳ ನಿಜವಾದ ಅಣು-ಸರಪಳಿಗಳನ್ನು ಮಾಡಿ ತೋರಿಸಿತು.

ಇಂಥ ಸರಪಳಿಯ ಭೌತವಿಜ್ಞಾನ ಸಾಮಾನ್ಯ ಪ್ಲಾಸ್ಟಿಕ್ಕಿಗಿಂತ ಬೇರೆ. ಪಾಲಿಥೀನಿನಲ್ಲಿ ಪರಮಾಣುಗಳು ಒಂದಕ್ಕೊಂದು ರಾಸಾಯನಿಕ ಬಂಧದಿಂದ ಅಂಟಿಕೊಂಡಿರುತ್ತವೆ. ಬಂಧದ ಉದ್ದ, ಕೋನ ಎಲ್ಲ ಗೊತ್ತುಮಾಡಿದ್ದು. ಎರಡು ಉಂಗುರಗಳ ನಡುವಿನ ಕೊಂಡಿಯಲ್ಲಿ ಅಂಟೇ ಇಲ್ಲ. ಒಂದು ಉಂಗುರ ಇನ್ನೊಂದರ ಸುತ್ತ ಜಾರಬಹುದು, ವಾಲಬಹುದು, ಹೆಚ್ಚುಕಡಿಮೆ ಹಿಂದಕ್ಕೇ ಮಡಚಿಕೊಳ್ಳಬಹುದು. ದೂರ ಹೋಗುವಂತಿಲ್ಲ ಎಂಬುದೊಂದೇ ಕಟ್ಟಳೆ. ಎಳೆದಾಗ ಉಂಗುರಗಳು ಮೊದಲು ಸಾಲಿಗೆ ಬರುತ್ತವೆ, ಆಮೇಲೆ ದುಂಡಗಿದ್ದವು ನೀಳವಾಗುತ್ತವೆ. ಎಳೆತ ನಿಜವಾದ ಬಂಧಗಳನ್ನು ಮುಟ್ಟುವುದು ಅದಕ್ಕೂ ಆಮೇಲೆ. ಬಿಟ್ಟಾಗ ಅವು ಹಿಂದಕ್ಕೆ ಬರುವುದು ಸ್ಪ್ರಿಂಗಿನ ಬಲದಿಂದಲ್ಲ, ಎಂಟ್ರೊಪಿಯಿಂದ. ಸಾಲಾಗಿ ನಿಲ್ಲುವ ರೀತಿಗಳು ಕೆಲವೇ, ಚೆಲ್ಲಾಪಿಲ್ಲಿಯಾಗಿರುವ ರೀತಿಗಳು ಅಸಂಖ್ಯ.

ರಾಸಾಯನಿಕ ಅಂಟು ಇಲ್ಲದೆ ಬರೀ ಕೊಂಡಿಗಳಿಂದಲೇ ಹಿಡಿದಿಟ್ಟ ಉಂಗುರಗಳ ಜೆಲ್ ಸಾಧ್ಯ ಎಂದು ಫ್ರೆಂಚ್ ಭೌತವಿಜ್ಞಾನಿ ಪಿಯೆರ್-ಜಿಲ್ ದ ಜೆನ್ 1979ರ ತಮ್ಮ ಪಾಲಿಮರ್ ಪುಸ್ತಕದಲ್ಲಿ ಬರೆದಿದ್ದರು. ಒಲಿಂಪಿಕ್ ಧ್ವಜದ ಉಂಗುರಗಳ ನೆನಪಿನಲ್ಲಿ ಅದಕ್ಕೆ ‘ಒಲಿಂಪಿಕ್ ಜೆಲ್’ ಎಂಬ ಹೆಸರು ನಿಂತಿತು.

ಪರಾವಲಂಬಿಯ ಹೊಟ್ಟೆಯಲ್ಲಿ ಒಂದು ಜಾಲರಿ

ಅಂಥ ಜಾಲರಿಯೊಂದು ನಿಸರ್ಗದಲ್ಲಿ ಯಾವಾಗಲೋ ತಯಾರಾಗಿತ್ತು. ನಮ್ಮ ಹೈನುಗಾರರು ಹೆದರುವ ಸರ್ರಾ ರೋಗ ಟ್ರಿಪನೊಸೋಮಾ ಇವಾನ್ಸಿ ಎಂಬ ಏಕಕೋಶ ಪರಾವಲಂಬಿಯಿಂದ ಬರುತ್ತದೆ. ಗ್ರಿಫಿತ್ ಇವಾನ್ಸ್ ಅದನ್ನು 1880ರಲ್ಲಿ ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡರು. ರಕ್ತ ಹೀರುವ ನೊಣಗಳು ಇದನ್ನು ದನ, ಎಮ್ಮೆ, ಕುದುರೆಗಳಿಗೆ ಹರಡುತ್ತವೆ. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗಗಳ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಅಧ್ಯಯನ ಮಾಡುವ ರೋಗಗಳಲ್ಲಿ ಸರ್ರಾ ಕೂಡ ಒಂದು. ಬಿಹಾರವನ್ನು ಕಾಡಿದ ಕಾಲಾ ಅಜಾರ್‌ನ ಲೀಶ್ಮೇನಿಯಾ ಇದೇ ಬಳಗದ್ದು.

ಈ ಬಳಗದ ಜೀವಿಗಳ ಒಂದೇ ಒಂದು ಮೈಟೊಕಾಂಡ್ರಿಯಾದಲ್ಲಿ ಸಾವಿರಾರು ಪುಟ್ಟ ಡಿಎನ್‌ಎ ಉಂಗುರಗಳು ಪರಸ್ಪರ ಕೊಂಡಿಬಿದ್ದು ಒಂದೇ ಜಾಲರಿಯಾಗಿರುತ್ತವೆ. ಇದಕ್ಕೆ ಕೈನೆಟೊಪ್ಲಾಸ್ಟ್ ಡಿಎನ್‌ಎ ಎಂದು ಹೆಸರು. ಪ್ರಯೋಗಾಲಯಗಳ ಮೆಚ್ಚಿನ ಕ್ರಿಥಿಡಿಯಾ ಎಂಬ ಜೀವಿಯಲ್ಲಿ ಸುಮಾರು 5,000 ಪುಟ್ಟ ಉಂಗುರಗಳು, ಒಂದೊಂದರಲ್ಲೂ ಸುಮಾರು 2,500 ಅಕ್ಷರಜೋಡಿಗಳು, ಜತೆಗೆ ಕೆಲವೇ ಡಜನ್ ದೊಡ್ಡ ಉಂಗುರಗಳು. ಸರ್ರಾ ಪರಾವಲಂಬಿಯಾದರೋ ದೊಡ್ಡ ಉಂಗುರಗಳನ್ನು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದೆ. ಒಂದೇ ಕೋಶದಲ್ಲಿ ಸಾವಿರಾರು ಪ್ರತಿಗಳಿರುವುದರಿಂದ ಕಾಲಾ ಅಜಾರ್ ಪತ್ತೆಯ ಪಿಸಿಆರ್ ಪರೀಕ್ಷೆಗಳು ಹೆಚ್ಚಾಗಿ ಹುಡುಕುವುದು ಈ ಪುಟ್ಟ ಉಂಗುರಗಳನ್ನೇ.

ಒಂದು ಉಂಗುರ ಎಷ್ಟು ನೆರೆಯ ಉಂಗುರಗಳಿಗೆ ಸಿಕ್ಕಿಕೊಂಡಿದೆ? 1995ರಲ್ಲಿ ಪಾಲ್ ಇಂಗ್ಲಂಡ್ ಮತ್ತು ನಿಕೊಲಸ್ ಕಝರೆಲಿ ಅವರ ತಂಡಗಳು ಇದನ್ನು ಎಣಿಸಿದ ಬಗೆ ಚೆಂದ. ಕತ್ತರಿಸುವ ಕಿಣ್ವವನ್ನು ಹದವಾಗಿ ಬಳಸಿ ಅಲ್ಲೊಂದು ಇಲ್ಲೊಂದು ಉಂಗುರವನ್ನು ತುಂಡರಿಸಿದರು. ತುಂಡಾದ ಉಂಗುರ ಜಾಲರಿಯಿಂದ ಉದುರುತ್ತದೆ. ನೆರೆಯವೆಲ್ಲ ತುಂಡಾಗಿ ಅನಾಥವಾದ ಉಂಗುರವೂ ಉದುರುತ್ತದೆ, ಕೆಲವೊಮ್ಮೆ ಎರಡು, ಮೂರು ಒಟ್ಟಿಗೆ. ಯಾವುದು ಎಷ್ಟು ಉದುರಿತು ಎಂದು ಜೆಲ್ಲಿನಲ್ಲಿ ಅಳೆದರೆ ನೆರೆಯ ಉಂಗುರಗಳ ಸಂಖ್ಯೆ ಸಿಗುತ್ತದೆ. ಉತ್ತರ: ಸರಾಸರಿ ಮೂರು. ಮೂರಕ್ಕಿಂತ ತೀರಾ ಕಡಿಮೆಯಾದರೆ ಜಾಲರಿ ಚದುರುತ್ತದೆ, ತೀರಾ ಹೆಚ್ಚಾದರೆ ನಕಲಿನ ಹೊತ್ತಿಗೆ ಒಂದೊಂದನ್ನೂ ಕಳಚುವುದು ದುಬಾರಿ.

ಕೋಶದಿಂದ ಹೊರತೆಗೆದ ಈ ಜಾಲರಿ ಸೂಕ್ಷ್ಮದರ್ಶಕದಲ್ಲಿ ಚಪ್ಪಟೆ ಹಾಳೆಯಾಗಿ ಕಾಣುವುದಿಲ್ಲ, ಬಟ್ಟಲಿನಂತೆ ಬಾಗಿರುತ್ತದೆ. ಎಂಐಟಿಯಲ್ಲಿ ಅಲೆಕ್ಸಾಂಡರ್ ಕ್ಲಾಟ್ಜ್, ಪ್ಯಾಟ್ರಿಕ್ ಡಾಯ್ಲ್ ಮತ್ತು ಸಂಗಡಿಗರು 2020ರಲ್ಲಿ ಅದನ್ನು ಸಣ್ಣ ಕಾಲುವೆಗಳಲ್ಲಿ ಎಳೆದು ನೋಡಿದರು. ಎಳೆತ ನಿಂತ ಮೇಲೆ ಅದು ಮತ್ತೆ ತನ್ನ ಬಟ್ಟಲಿನ ಆಕಾರಕ್ಕೆ ಬಂತು. ಉಪ್ಪಿನ ಪ್ರಮಾಣ ಬದಲಾಯಿಸಿದರೆ ಗಾತ್ರ ಬದಲಾಯಿತು, ಆಕಾರ ಅಷ್ಟಾಗಿ ಬದಲಾಗಲಿಲ್ಲ. ಎಲ್ಲ ಉಂಗುರಗಳೂ ಸಡಿಲ, ಒಟ್ಟಾರೆ ರೂಪ ಮಾತ್ರ ಹಟಮಾರಿ. ಆ ಹಟ ಬರುವುದು ಬಿಡಿ ಉಂಗುರಗಳ ಗಡಸುತನದಿಂದಲ್ಲ, ಜಾಲರಿಯ ಜೋಡಣೆಯಿಂದ.

ಗಟ್ಟಿಯೂ ಹೌದು, ಹರಿಯುವುದೂ ಹೌದು

ಈ ತತ್ವ ಕೈಗೆ ಸಿಗುವ ಗಾತ್ರದಲ್ಲೂ ನಡೆಯುತ್ತದೆ. 2025ರ ಜನವರಿಯಲ್ಲಿ ಕ್ಯಾಲ್ಟೆಕ್‌ನ ಕಿಯಾರಾ ಡರಾಯೊ ಅವರ ತಂಡ ತ್ರೀಡಿ ಪ್ರಿಂಟರಿನಿಂದ ಮೂರೂ ದಿಕ್ಕಿನಲ್ಲಿ ಕೊಂಡಿಬಿದ್ದ ಉಂಗುರ, ಪಂಜರಗಳ ಗಟ್ಟಿಗಳನ್ನು ಮಾಡಿ ಪರೀಕ್ಷಿಸಿತು. ಪಕ್ಕಕ್ಕೆ ಜರುಗಿಸಿದರೆ ಅವು ದ್ರವದಂತೆ ಹರಿದವು, ಅದುಮಿದರೆ ಘನದಂತೆ ಸೆಟೆದವು. ಅದೇ ತಿಂಗಳು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿಲಿಯಂ ಡಿಕ್ಟೆಲ್ ಅವರ ತಂಡ ಎಕ್ಸ್ ಆಕಾರದ ಅಣುಗಳನ್ನು ಸ್ಫಟಿಕದಲ್ಲಿ ಜೋಡಿಸಿ, ಹಾಳೆಯಂಥ ಪಾಲಿಮರನ್ನು ಹೆಣೆದ ಸುದ್ದಿ ಪ್ರಕಟಿಸಿತು. ಒಂದು ಚದರ ಸೆಂಟಿಮೀಟರಿನಲ್ಲಿ ಒಂದು ಕೋಟಿ ಕೋಟಿ ಕೊಂಡಿಗಳು. ಅಲ್ಟೆಮ್ ಎಂಬ ಗಟ್ಟಿಮುಟ್ಟು ಪ್ಲಾಸ್ಟಿಕ್ಕಿಗೆ ಇದನ್ನು ಶೇ 2.5ರಷ್ಟು ಬೆರೆಸಿದ್ದಕ್ಕೇ ಅದರ ನಾರು ಇನ್ನಷ್ಟು ಬಲಗೊಂಡಿತು. ಅದೇ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ದುಡಿದು 2024ರ ಡಿಸೆಂಬರಿನಲ್ಲಿ ತೀರಿಕೊಂಡ ಸ್ಟಾಡರ್ಟ್ ಅವರ ನೆನಪಿಗೆ ತಂಡ ಆ ಕೆಲಸವನ್ನು ಅರ್ಪಿಸಿತು.

ಹೆಲ್ಮೆಟ್ಟು, ಗುಂಡು ತಡೆಯುವ ಉಡುಪು ಎಂದೆಲ್ಲ ಮಾತು ಶುರುವಾಗಿದೆ. ಮಾರುಕಟ್ಟೆಗೆ ಬರುವ ಮುನ್ನ ದಾಟಬೇಕಾದ ಹೊಸ್ತಿಲು ಬೇರೆಯೇ ಇದೆ, ಅದು ಎಣಿಕೆ. ಒಂದು ಜೆಲ್ಲಿನಲ್ಲಿ ನಿಜವಾಗಿ ಎಷ್ಟು ಉಂಗುರಗಳು ಕೊಂಡಿಬಿದ್ದಿವೆ, ಎಷ್ಟು ಸುಮ್ಮನೆ ನಡುವೆ ತೇಲುತ್ತಿವೆ ಎಂಬುದು ಗೊತ್ತಾಗದೆ ಅದರ ಬಲವನ್ನು ಮೊದಲೇ ಲೆಕ್ಕಹಾಕಲು ಬರುವುದಿಲ್ಲ. ತೂಕ ಒಂದೇ, ರಾಸಾಯನಿಕ ಸೂತ್ರ ಒಂದೇ, ಕೊಂಡಿಗಳ ಹಂಚಿಕೆ ಬೇರೆಯಾದರೆ ವಸ್ತುವೇ ಬೇರೆ. ಕೊಂಡಿಬಿದ್ದ ಎರಡು ಉಂಗುರಗಳಿಗೂ ಬಿಡಿಬಿಡಿಯಾದ ಎರಡು ಉಂಗುರಗಳಿಗೂ ಪರಮಾಣುಗಳ ಪಟ್ಟಿಯಲ್ಲಿ ವ್ಯತ್ಯಾಸವಿಲ್ಲ, ಬಂಧಗಳ ಪಟ್ಟಿಯಲ್ಲೂ ಇಲ್ಲ.

ಡಿಎನ್‌ಎಗೆ ಈ ವಿಷಯದಲ್ಲಿ ಮೂರು ಅನುಕೂಲಗಳಿದ್ದವು: ಬೇಕಾದಲ್ಲಿ ಕತ್ತರಿಸುವ ಕಿಣ್ವಗಳು, ಒಂದೊಂದೇ ಕೊಂಡಿ ಕಳಚುವ ಕಿಣ್ವಗಳು, ಒಂದು ಕೊಂಡಿಯ ವ್ಯತ್ಯಾಸವನ್ನೂ ತೋರಿಸುವ ಜೆಲ್. ಪ್ಲಾಸ್ಟಿಕ್ ಉಂಗುರಗಳಿಗೆ ಆ ಕತ್ತರಿಯೂ ಇಲ್ಲ, ಆ ಏಣಿಯೂ ಇಲ್ಲ. ಆದ್ದರಿಂದಲೇ ಜಾಲರಿಯ ಭೌತವಿಜ್ಞಾನ ಕಲಿಯಬೇಕೆನ್ನುವವರು ಈಗ ಮೊದಲು ಪರಾವಲಂಬಿಯ ಡಿಎನ್‌ಎಯತ್ತ ತಿರುಗುತ್ತಾರೆ. ಅಲ್ಲಿ ಎಣಿಸಿ ಕಲಿತ ನಿಯಮಗಳನ್ನು ಕೃತಕ ಉಂಗುರಗಳಿಗೆ ಹೊಂದಿಸಿ ನೋಡುತ್ತಾರೆ. ಈ ದಾರಿಗೆ ಬೇಕಾದ ಮೊದಲ ಸಲಕರಣೆಗಳು ದೊಡ್ಡ ಖರ್ಚಿನವಲ್ಲ. ಸೋಂಕು ತಗಲದಂತೆ ಬೆಳೆಸಿದ ಕ್ರಿಥಿಡಿಯಾ, ಒಂದೆರಡು ಕಿಣ್ವ, ಒಂದು ಜೆಲ್ ಪೆಟ್ಟಿಗೆ, ಒಂದು ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ. ಭೌತವಿಜ್ಞಾನ, ರಸಾಯನವಿಜ್ಞಾನ, ಬಯೋಟೆಕ್ನಾಲಜಿ ವಿಭಾಗಗಳು ಒಂದೇ ಕ್ಯಾಂಪಸ್ಸಿನಲ್ಲಿರುವ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಕೈಹಾಕಬಹುದಾದ ಕೆಲಸ ಇದು. ಬೇಕಾದದ್ದು ವಿಭಾಗಗಳ ನಡುವೆ ಓಡಾಡುವ ವಿದ್ಯಾರ್ಥಿಗಳು.